ಇಪ್ಪತ್ತಮೂರು ತೇಪೆಗಳ ಹುಲ್ಲುಹಾಸು

ಎಲ್ಲಕ್ಕೂ ಮೂಲ ಒಂದು ಹಳದಿ ಹೂವು. ಕಿರುಬೆರಳ ಉಗುರಿಗಿಂತ ದೊಡ್ಡದಲ್ಲ. ಮನೆಯ ಮುಂದಿನ ಹುಲ್ಲುಹಾಸಿನ ನಡುವೆ ಅದು ತಲೆಯೆತ್ತಿ ನಿಂತದ್ದನ್ನು ಗಡಿಯಾರಪ್ಪ ನೋಡಿದ. ನೋಡಿ ಸುಮ್ಮನಿದ್ದಿದ್ದರೆ ಈ ಕತೆಯೇ ಇಲ್ಲ. ಹೂವಿನ ಬುಡ ಎಲ್ಲಿದೆಯೆಂದು ಬಗ್ಗಿದ. ಬುಡದ ಪಕ್ಕ ಒಂದು ಎಲೆ ಕಂಡಿತು, ಹುಲ್ಲಿನದಲ್ಲ. ಅದರ ಪಕ್ಕ ಇನ್ನೊಂದು. ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮೊಣಕಾಲೂರಿ ಹುಡುಕುತ್ತ ಹೋದವನಿಗೆ, ಒಂಬತ್ತು ವರ್ಷದಿಂದ ತಾನು ಹುಲ್ಲೆಂದು ನೀರೆರೆದು ಸಾಕಿದ್ದರಲ್ಲಿ ಮೂರನೇ ಒಂದು ಪಾಲು ಹುಲ್ಲೇ ಅಲ್ಲವೆಂದು ಗೊತ್ತಾಯಿತು.

ಗಡಿಯಾರಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗೋಡೆಯ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. ಮುಚ್ಚಿದ ಮುಚ್ಚಳ ಕಂಡರೆ ಅವನ ಬೆರಳು ತುರಿಸುತ್ತಿತ್ತು. ನೆಂಟರು ಮರೆತುಹೋದ ಗುಳಿಗೆ ಡಬ್ಬಿಯಾಗಲಿ, ಹೆಂಡತಿ ಒಲೆಯ ಮೇಲಿಟ್ಟ ಪಾತ್ರೆಯಾಗಲಿ, ಬಿಚ್ಚಿ, ಒಳಗೆ ನೋಡಿ, ಮತ್ತೆ ಇದ್ದ ಹಾಗೇ ಮುಚ್ಚಿದರೇ ಸಮಾಧಾನ. ಆ ಕೋಣೆಯ ಉತ್ತರದ ಕಿಟಕಿಯಿಂದ ದಿನವಿಡೀ ಒಂದೇ ಹದದ ಬೆಳಕು ಬೀಳುತ್ತಿತ್ತು. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಇಕ್ಕುಳದಲ್ಲಿ ಹಿಡಿಯುವವನಿಗೆ ಅಂಥ ಬೆಳಕು ಸಿಗುವುದು ಪುಣ್ಯ. ಆ ಬೆಳಕಲ್ಲೇ ಒಂಬತ್ತು ವರ್ಷ ಅವರ ಮನೆಯ ಅನ್ನ ಬೆಂದಿತ್ತು.

ಮನೆ ಮಾತ್ರ ಬಾಡಿಗೆಯದು. ಒಡತಿ ಊರಿನ ಆಚೆ ತುದಿಯ ದೊಡ್ಡ ಮನೆಯಲ್ಲಿದ್ದಳು. ಮೊದಲ ಸಲ ಕರಾರು ಬರೆದ ದಿನ ಆಕೆ ಒಂದೇ ಮಾತು ಹೇಳಿದ್ದಳು. “ಗೋಡೆ ಬಿರಿದ್ರೆ ಬಿರೀಲಿ, ಸೂರು ಸೋರಿದ್ರೆ ಸೋರ್ಲಿ. ಹುಲ್ಲು ಮಾತ್ರ ಕೆಡಬಾರ್ದು.” ಮೂರು ವರ್ಷಕ್ಕೊಮ್ಮೆ ಬರುವಳು, ಹುಲ್ಲು ನೋಡುವಳು, ಕಾಗದಕ್ಕೆ ಸಹಿ ಹಾಕುವಳು, ಮನೆಯೊಳಗೆ ಕಾಲಿಡದೆ ಹೊರಟುಹೋಗುವಳು. ಹಿಂದಿನ ಬೀದಿಯಲ್ಲಿದ್ದ ಆಕೆಯ ಇನ್ನೊಂದು ಮನೆಯಿಂದ ಒಬ್ಬ ಸಂಸಾರಸ್ಥನನ್ನು ಹುಲ್ಲಿನ ಮೇಲೆ ಸ್ಕೂಟರ್ ನಿಲ್ಲಿಸಿದ ತಪ್ಪಿಗೇ ಎಬ್ಬಿಸಿದ್ದಳೆಂದು ಬೀದಿಗೆಲ್ಲ ಗೊತ್ತಿತ್ತು.

ಹಾಗಾಗಿ ಹಳದಿ ಹೂವು ಕಂಡ ಮಾರನೆಯ ದಿನವೇ ಗಡಿಯಾರಪ್ಪ ಬೀಜ ಗೊಬ್ಬರದ ಅಂಗಡಿಗೆ ಹೋದ. ಅಂಗಡಿಯವನು ಒಂದು ದಪ್ಪ ಪೊಟ್ಟಣ ಮುಂದಿಟ್ಟು, ಇದು ಕಳೆಗೆ ವಿಷ, ಹುಲ್ಲಿಗೆ ಊಟ, ಎರಡೂ ಒಂದೇ ಪುಡಿಯಲ್ಲಿ ಎಂದ.

“ಯಾವುದು ಕಳೆ, ಯಾವುದು ಹುಲ್ಲು ಅಂತ ಪುಡಿಗೆ ಹೆಂಗ್ ಗೊತ್ತಾಗುತ್ತೆ?” ಎಂದು ಗಡಿಯಾರಪ್ಪ ಕೇಳಿದ.

“ಅದು ಪುಡಿಗೇ ಬಿಟ್ಟಿದ್ದು,” ಎಂದ ಅಂಗಡಿಯವನು.

ಆ ಮಾತು ಗಡಿಯಾರಪ್ಪನನ್ನು ಹಿಡಿದುಬಿಟ್ಟಿತು. ಕಳೆ ಹೋಗಲೆಂಬ ಆಸೆ ಅರ್ಧ. ಕಣ್ಣಿಲ್ಲದ ಪುಡಿ ಒಂದನ್ನು ಕೊಂದು ಇನ್ನೊಂದನ್ನು ಸಾಕುವುದು ಹೇಗೆಂದು ನೋಡುವ ಆಸೆ ಇನ್ನರ್ಧ. ಪೊಟ್ಟಣದ ಮೇಲೆ, ಅರ್ಧ ಪುಡಿಯನ್ನು ಉದ್ದಕ್ಕೂ ಉಳಿದರ್ಧವನ್ನು ಅಡ್ಡಕ್ಕೂ ಚೆಲ್ಲಬೇಕೆಂದು ಬರೆದಿತ್ತು. ಗಡಿಯಾರಪ್ಪ ಇಡೀ ಪೊಟ್ಟಣವನ್ನು ಉದ್ದಕ್ಕೆ ಚೆಲ್ಲಿ ಮುಗಿಸಿದ ಮೇಲೆ ಇದು ಅವನ ಗಮನಕ್ಕೆ ಬಂತು. ನ್ಯಾಯಕ್ಕೆ ಅಂಜುವ ಮನುಷ್ಯ. ಇನ್ನೊಂದು ಪೊಟ್ಟಣ ತಂದು ಅಡ್ಡಕ್ಕೂ ಚೆಲ್ಲಿದ.

ಹತ್ತೇ ದಿನ. ಕಳೆಗಳು ಮುದುರಿದವು, ಕಪ್ಪಾದವು, ಮಣ್ಣಾದವು. ಹುಲ್ಲು ಕಡು ಹಸಿರಾಗಿ ಕೊಬ್ಬಿ ನಿಂತಿತು. ಕಳೆ ಇದ್ದ ಕಡೆಯೆಲ್ಲ ಬೋಳು ನೆಲ. ಒಂದು ತಟ್ಟೆಯಷ್ಟು, ಒಂದು ತೊಟ್ಟಿಲಷ್ಟು, ಒಂದು ನಾಯಿ ಮಲಗೆದ್ದಷ್ಟು. ಎಣಿಸಿದರೆ ಇಪ್ಪತ್ತಮೂರು. ಪುಡಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಒಂಬತ್ತು ವರ್ಷ ಕಳೆದವನು ಗಡಿಯಾರಪ್ಪನೊಬ್ಬನೇ.

ಬೋಳಾದ ಕಡೆ ಹುಲ್ಲಿನ ಬೀಜ ತಂದು ಬಿತ್ತಿದ. ಬಿತ್ತಿ ಕಾಯಬೇಕಲ್ಲ? ದಿನಕ್ಕೆ ನಾಲ್ಕು ಸಲ ಇಕ್ಕುಳದಿಂದ ಒಂದೊಂದು ಬೀಜ ಕಿತ್ತು, ಭೂತಗನ್ನಡಿಯಲ್ಲಿ ನೋಡಿ, ಮೊಳಕೆ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಮಣ್ಣಿಗೆ ಸೇರಿಸುತ್ತಿದ್ದ. ಐದನೆಯ ದಿನ ಬೇಸತ್ತು ಅದೇ ಕನ್ನಡಿಯನ್ನು ಪುಡಿಯ ಪೊಟ್ಟಣಕ್ಕೆ ಹಿಡಿದ. ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹೀಗಿತ್ತು: ಈ ಪುಡಿ ಹಾಕಿದ ನೆಲದಲ್ಲಿ ಎಂಟು ವಾರ ಯಾವ ಬೀಜವನ್ನೂ ಬಿತ್ತಬಾರದು, ಬಿತ್ತಿದರೂ ಮೊಳೆಯುವುದಿಲ್ಲ. ಬೆಳೆದ ಹುಲ್ಲಿನ ಗುರುತು ಪುಡಿಗಿತ್ತು. ಹುಟ್ಟಲಿರುವ ಹುಲ್ಲಿನ ಗುರುತಿರಲಿಲ್ಲ.

ಆದರೂ ಅವನ ಎದೆ ಒಡೆಯಲಿಲ್ಲ. ಕರಾರು ಮುಗಿಯಲು ಇನ್ನೂ ಮೂರು ತಿಂಗಳಿತ್ತು. ಎಂಟು ವಾರ ಕಾದು, ಬಿತ್ತಿ, ಮೂರು ವಾರಕ್ಕೆ ಹಸಿರು ಮಾಡಿದರೂ ಒಡತಿ ಬರುವ ಹೊತ್ತಿಗೆ ಒಂದು ವಾರ ಮಿಗುತ್ತಿತ್ತು. ಗಡಿಯಾರ ನಂಬಿ ಬದುಕುವವನ ಲೆಕ್ಕ, ತಪ್ಪುವಂತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ಫೋನು ಬಂತು. ಒಡತಿಯದು. ಮೂರು ತಿಂಗಳು ಕಾಯಲು ತನಗೆ ಆಗದು, ಇವತ್ತು ಸಂಜೆ ಐದಕ್ಕೇ ಬಂದು ಹುಲ್ಲು ನೋಡಿ ಕಾಗದದ ಕೆಲಸ ಮುಗಿಸುತ್ತೇನೆ ಎಂದಳು. ಗಡಿಯಾರಪ್ಪ ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಕಣ್ಣೆದುರು ಇಪ್ಪತ್ತಮೂರು ಬೋಳು. ಅವುಗಳ ಮೇಲೆ ಗುಬ್ಬಿಗಳ ಒಂದು ದಂಡು ಅವನು ಬಿತ್ತಿದ ಬೀಜವನ್ನು ಒಂದೂ ಬಿಡದೆ ಹೆಕ್ಕುತ್ತಿತ್ತು. ಕೋಣೆಯೊಳಗೆ ಗಡಿಯಾರಗಳು ಒಂದರ ಹಿಂದೊಂದು ಬಡಿದವು. ಕೆಲವು ಎಂಟು, ಕೆಲವು ಹನ್ನೊಂದು. ಒಂದು ಹಳೆಯ ಗೂಡು ಗಡಿಯಾರ ಐದು ಬಡಿದಾಗ ಅವನ ಜೀವ ಬಾಯಿಗೆ ಬಂತು.

ಹೆಂಡತಿ ಕಾಫಿ ತಂದಿಟ್ಟು ನಡೆದದ್ದನ್ನೆಲ್ಲ ಕೇಳಿದಳು. ಅಂಗಳವನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿದಳು.

“ಇದ್ದದ್ದು ಇದ್ದ ಹಾಗೇ ಹೇಳ್ಬಿಡಿ. ಪುಡಿ ಹಾಕ್ದೆ, ಹಿಂಗಾಯ್ತು ಅಂತ. ಅವ್ರೂ ಮನುಷ್ಯರೇ ಅಲ್ವಾ?”

ಸ್ಕೂಟರಿನವನಿಗೂ ಅವನ ಹೆಂಡತಿ ಇದೇ ಬುದ್ಧಿ ಹೇಳಿರಬೇಕು ಎಂದ ಗಡಿಯಾರಪ್ಪ. ಆಕೆ ಒಳಗೆ ಹೋದಳು.

ಅಷ್ಟರಲ್ಲಿ ಬೀದಿಗೆ ಸುದ್ದಿ ಮುಟ್ಟಿತ್ತು. ಮೊದಲು ಎಡಗಡೆ ಮನೆಯ ಮೇಷ್ಟ್ರು ಬಂದರು, ಕೈಯಲ್ಲಿ ಅಂದಿನ ಪತ್ರಿಕೆ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಹಿಡಿ ಮಣ್ಣೆತ್ತಿ ಮೂಸಿ, ಈ ನೆಲ ಆಗ್ನೇಯಕ್ಕೆ ವಾಲಿದೆ, ದೋಷವೆಲ್ಲ ಅಲ್ಲೇ ಇರುವುದು ಎಂದರು. ಮನೆಯನ್ನು ತಿರುಗಿಸಲಾಗದು ಎಂದು ಗಡಿಯಾರಪ್ಪ ಹೇಳಿದ ಮೇಲೆ, ಹಾಗಾದರೆ ಅರ್ಧ ಅಡಿ ಮಣ್ಣು ತೆಗೆದು ನದೀಮುಖದ ಮೆಕ್ಕಲು ಮಣ್ಣು ತುಂಬಿಸಲು ಸಲಹೆ ಕೊಟ್ಟರು. ಅಲ್ಲಿಂದ ನದೀಮುಖ ಎಷ್ಟು ದೂರವೆಂಬುದೂ ಅವರಿಗೆ ಬಾಯಿಪಾಠವಿತ್ತು. ನಾನೂರು ಮೈಲಿ.

ಎದುರು ಮನೆಯ ಟೈಲರ್ ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟುಕೊಂಡೇ ಬಂದ. ಅವನು ಟೇಪಿಲ್ಲದೆ ನಿಂತದ್ದನ್ನು ಅವನ ಮದುವೆಯ ಫೋಟೋದಲ್ಲೂ ಯಾರೂ ಕಂಡಿಲ್ಲ. ಹಸಿರು ಮಖಮಲ್ಲಿನ ತುಂಡು ಅಂಗಡಿಯಲ್ಲಿ ಬೇಕಾದಷ್ಟಿದೆ, ಮೊಳೆ ಹೊಡೆದುಬಿಡೋಣ, ಆಕೆಗೆ ವಯಸ್ಸಾಗಿದೆ, ಕಣ್ಣೆಲ್ಲಿ ಕಾಣುತ್ತದೆ ಎಂದ. ಕಣ್ಣು ಕಾಣದಿದ್ದರೂ ಕಾಲಿಗೆ ಗೊತ್ತಾಗುತ್ತದೆ ಎಂದರು ಮೇಷ್ಟ್ರು. ಮಾತಿಗೆ ಮಾತು ಬೆಳೆದು, ಇಬ್ಬರೂ ಮಖಮಲ್ಲಿನ ಮೇಲೆ ನಡೆದವರು ಯಾರಾದರೂ ಇದ್ದಾರೆಯೇ ಎಂಬ ಚರ್ಚೆಯಲ್ಲಿ ಮುಳುಗಿದರು.

ಆಗ ಬಲಗಡೆ ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬಂದವಳು ಗೇಟಿನಲ್ಲೇ ನಿಂತು ಅಂಗಳವನ್ನು ನೋಡಿದಳು. ಗಾಯ ನೋಡುವ ಕಣ್ಣಿನಿಂದ ನೋಡಿದಳು.

“ಸುಟ್ಟ ಗಾಯಕ್ಕೆ ನಾವೇನ್ ಮಾಡ್ತೀವಿ ಹೇಳಿ? ತೊಡೆಯ ಚರ್ಮ ತೆಗ್ದು ಕೆನ್ನೆಗೆ ಹಾಕ್ತೀವಿ. ಇಲ್ಲಿಗೂ ಹಂಗೇ. ಎಲ್ಲಿ ಹುಲ್ಲಿದೆಯೋ ಅಲ್ಲಿಂದ ಬೇರಿನ ಸಮೇತ ಎತ್ತಿ ಇಲ್ಲಿಗೆ ಕೂರಿಸೋದು.”

ಮೂವರೂ ಬೆರಗಾದರು. ಗಡಿಯಾರಪ್ಪನಿಗಂತೂ ಮುಚ್ಚಳ ಕಳೆದ ಗಡಿಯಾರಕ್ಕೆ ಸರಿಯಾದ ಮುಚ್ಚಳ ಸಿಕ್ಕಂತಾಯಿತು. ಆದರೆ ತೊಡೆ ಯಾರದು? ಮನೆಯ ಮುಂದಿನ ಹುಲ್ಲು ಯಾರೂ ಕೊಡುವಂತಿರಲಿಲ್ಲ, ಕೊಟ್ಟರೆ ಒಡತಿಯ ಕಣ್ಣಿಗೆ ಬೀಳುತ್ತದೆ. ಅಕ್ಕಪಕ್ಕದ ಎರಡು ಮನೆಗಳ ಹಿಂದೆ ಮಾತ್ರ ಬಟ್ಟೆ ಒಣಗಿಸುವ ಕಡೆ ಒಂದೊಂದು ಪಟ್ಟೆ ಹುಲ್ಲಿತ್ತು. ನರ್ಸಮ್ಮ ತನ್ನದನ್ನು ತೆಗೆದುಕೊಳ್ಳಿ ಎಂದದ್ದೇ ತಡ, ಮೇಷ್ಟ್ರ ಮುಖ ಬಾಡಿತು. ತಮ್ಮ ಹುಲ್ಲು ಇಡೀ ಬೀದಿಯಲ್ಲಿ ಉತ್ತಮ ಜಾತಿಯದು, ಅದನ್ನು ಬಿಟ್ಟು ಮಾಡಿದರೆ ತಮಗೆ ಅವಮಾನ ಮಾಡಿದಂತೆ ಎಂದರು. ಟೈಲರನಿಗೆ ಹಿತ್ತಲೇ ಇರಲಿಲ್ಲ. ಅದರ ಕೊರಗಿಗೆ, ಕತ್ತರಿಸುವ ಕೆಲಸ ಪೂರ್ತಿ ತನ್ನದೇ ಎಂದು ಹಟ ಹಿಡಿದ.

ಕೆಲಸ ಶುರುವಾಯಿತು. ಬೋಳುಗಳನ್ನೆಲ್ಲ ಎರಡು ಬೆರಳು ಆಳಕ್ಕೆ ಕೆರೆದು ಗುಂಡಿ ಮಾಡಿದರು. ಗುಂಡಿಗೆ ತಕ್ಕ ತುಂಡು ಬೇಕೆಂದರೆ ಅಳತೆ ಬೇಕು, ಅಳತೆಗೆ ನಮೂನೆ ಬೇಕು. ಟೈಲರ್ ಮೇಷ್ಟ್ರ ಕೈಯ ಪತ್ರಿಕೆಯನ್ನು ಕೇಳದೆಯೇ ಇಸಿದುಕೊಂಡು, ಒಂದೊಂದು ಬೋಳಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಅಂಚು ಎಳೆದು, ಕತ್ತರಿಯಾಡಿಸಿ, ನಂಬರು ಹಾಕಿದ. ತೋಳಿನ ಆಕಾರ, ಕಾಲರಿನ ಆಕಾರ, ಜೇಬಿನ ಆಕಾರ ಎಂದು ತನ್ನಷ್ಟಕ್ಕೆ ಹೆಸರಿಡುತ್ತ ಹೋದ. ಹನ್ನೊಂದರ ಹೊತ್ತಿಗೆ ಇಪ್ಪತ್ತಮೂರು ನಮೂನೆಗಳು ಕಲ್ಲು ಹೇರಿಕೊಂಡು ಸಾಲಾಗಿ ಮಲಗಿದ್ದವು. ಕೈಗಡಿಯಾರ ಕೇಳಲು ಬಂದ ಒಬ್ಬ ಗಿರಾಕಿ ಇದೇನು ಎಂದು ವಿಚಾರಿಸಿದ. ಉತ್ತರ ಸಿಗುವ ಮೊದಲೇ ಅವನ ಕೈಗೆ ನರ್ಸಮ್ಮ ಗುದ್ದಲಿ ಕೊಟ್ಟಿದ್ದಳು. ಪಾಪ, ಎರಡು ಗಂಟೆಯವರೆಗೆ ಅಗೆದು, ಗಡಿಯಾರವನ್ನು ಕೇಳುವುದನ್ನೂ ಮರೆತು ಹೋದ.

ಮೇಷ್ಟ್ರ ಹಿತ್ತಲಲ್ಲಿ ಟೈಲರನದು ಕಟುಕನ ಚೂರಿ, ದೇವರ ಕೈ. ನಮೂನೆ ಇಟ್ಟ, ಸುತ್ತ ಕೊಯ್ದ. ಗಿರಾಕಿ ತಳದಿಂದ ಗುದ್ದಲಿ ತೂರಿಸಿದ. ಎರಡು ಬೆರಳು ದಪ್ಪದ ಹುಲ್ಲಿನ ಬಿಲ್ಲೆಗಳು ಒಂದೊಂದಾಗಿ ತಟ್ಟೆಯ ಮೇಲೇರಿ ಗಡಿಯಾರಪ್ಪನ ಅಂಗಳಕ್ಕೆ ಮೆರವಣಿಗೆ ಬಂದವು. ಒಂದನೇ ನಂಬರಿನದನ್ನು ಗುಂಡಿಯಲ್ಲಿಟ್ಟರು. ಎಡಗಡೆ ಇಷ್ಟು ಹೆಚ್ಚಾಯಿತು, ಬಲಗಡೆ ಅಷ್ಟೇ ಕಮ್ಮಿಯಾಯಿತು. ಎರಡನೆಯದೂ ಹಾಗೇ, ಏಳನೆಯದೂ ಹಾಗೇ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತುರುಕಿದ ಹಾಗೆ ಒಂದೂ ಕೂರಲಿಲ್ಲ.

ಎಲ್ಲರೂ ಟೈಲರನನ್ನು ನೋಡಿದರು. ಟೈಲರ್ ನಮೂನೆಯನ್ನು ನೋಡಿದ. ನಿಧಾನವಾಗಿ ಅವನ ಕಿವಿ ಕೆಂಪಾಯಿತು. ಸೀಮೆಸುಣ್ಣ ಹೊರಮೈಗೆ ಹತ್ತದಿರಲೆಂದು ಬಟ್ಟೆಯ ಒಳಮೈಗೆ ಯಾವತ್ತೂ ನಮೂನೆಯನ್ನು ಬೋರಲು ಹಾಕಿ ಕತ್ತರಿಸುವುದು ಅವನ ರೂಢಿ. ಇಪ್ಪತ್ತೈದು ವರ್ಷದ ಕೈ, ತಲೆಯನ್ನು ಕೇಳದೆ ಹುಲ್ಲಿಗೂ ಹಾಗೇ ಮಾಡಿತ್ತು.

“ಬಟ್ಟೆಯಾಗಿದ್ರೆ ಮಗುಚಿ ಹೊಲೀಬಹುದಿತ್ತು,” ಎಂದ ಮೆಲ್ಲಗೆ.

“ಮಗುಚಿ ನೋಡಿ,” ಎಂದರು ಮೇಷ್ಟ್ರು. ಗಡಿಯಾರಪ್ಪ ಒಂದು ಬಿಲ್ಲೆಯನ್ನು ಮಗುಚಿಯೂ ನೋಡಿದ, ಸುಮ್ಮನೆ, ಒಳಗೆ ಹೇಗಿರುತ್ತದೆಂದು. ಹುಲ್ಲು ಕೆಳಗೆ, ಬೇರು ಮೇಲೆ, ಒಂದು ಎರೆಹುಳು ಬಿಸಿಲಿಗೆ ಬಂದು ಗಾಬರಿಯಾಗಿ ಮತ್ತೆ ಒಳಗೆ ಹೋಯಿತು.

ಮೇಷ್ಟ್ರ ಹಿತ್ತಲಲ್ಲಿ ಉಳಿದದ್ದು ಬಟ್ಟೆ ಒಣಗಿಸುವ ಎರಡು ಕಂಬ ಮಾತ್ರ. ಮತ್ತೆ ಹೊಸದಾಗಿ ಕೊಯ್ಯಲು ನರ್ಸಮ್ಮನ ಹಿತ್ತಲಿಗೆ ನುಗ್ಗಿದರು. ಅದು ಹದಿನೈದು ಬಿಲ್ಲೆಗೆ ಮುಗಿಯಿತು. ಮಿಕ್ಕ ಎಂಟನ್ನು ಮೇಷ್ಟ್ರ ತಿರುಗುಮುರುಗು ಬಿಲ್ಲೆಗಳಿಂದಲೇ ತುಂಡು ಮಾಡಿ ಜೋಡಿಸಿದರು. ಗಂಟೆ ಎರಡು ಹೋಗಿ ಮೂರಾಯಿತು, ಮೂರು ಹೋಗಿ ನಾಲ್ಕಾಯಿತು. ಗಡಿಯಾರಪ್ಪ ಹೊಟ್ಟೆಯ ಮೇಲೆ ಮಲಗಿ, ಕಣ್ಣಿಗೆ ಕನ್ನಡಿ, ಕೈಗೆ ಇಕ್ಕುಳ, ಸಂದುಗಳಲ್ಲಿ ಒಂದೊಂದೇ ಎಸಳನ್ನು ಎಳೆದು ಹೆಣೆಯುತ್ತ ತೆವಳಿದ. ಇಷ್ಟು ಸೂಕ್ಷ್ಮದ ಕೆಲಸವನ್ನು ಅವನು ಯಾವ ಗಡಿಯಾರಕ್ಕೂ ಮಾಡಿರಲಿಲ್ಲ. ಮಧ್ಯೆ ಮಧ್ಯೆ ಕೆಲಸ ಮರೆತು, ಈ ಬೇರು ಆ ಮಣ್ಣನ್ನು ತನ್ನದೆಂದು ಒಪ್ಪಿಕೊಳ್ಳುವುದು ಯಾವ ಗಳಿಗೆಯಲ್ಲಿ ಎಂದು ನೋಡುತ್ತ ಹಾಗೇ ಇದ್ದುಬಿಡುತ್ತಿದ್ದ. ಪ್ರತಿ ಸಲವೂ ನರ್ಸಮ್ಮ ಬೆನ್ನಿಗೆ ತಟ್ಟಿ ಎಬ್ಬಿಸಬೇಕಾಯಿತು.

ನಾಲ್ಕೂವರೆಗೆ ಎದ್ದು ನಿಂತು ನೋಡಿದರೆ ಗುಂಡಿಗಳೆಲ್ಲ ತುಂಬಿದ್ದವು. ತುಂಬಿದ್ದವು ನಿಜ; ಆದರೆ ಒಡತಿಯ ಹುಲ್ಲು ಪುಡಿ ತಿಂದು ಕಡು ಹಸಿರು, ನರ್ಸಮ್ಮನದು ಸೋಪಿನ ನೀರು ಕುಡಿದು ತಿಳಿ ಹಸಿರು, ಮೇಷ್ಟ್ರದು ಉತ್ತಮ ಜಾತಿಯದಾದರೂ ನೀರು ಕಾಣದೆ ಒಂದಿಷ್ಟು ಹಳದಿ. ಮೇಲಿನಿಂದ ನೋಡಿದರೆ ಹಳೆಯ ಅಂಗಿಗೆ ತೇಪೆ ಹಾಕಿದಂತೆ ಕಾಣುತ್ತಿತ್ತು. ಮೇಷ್ಟ್ರು ಇದನ್ನು ಭೂಪಟಕ್ಕೆ ಹೋಲಿಸಿ, ಯಾವ ತೇಪೆ ಯಾವ ದೇಶದಂತಿದೆ ಎಂದು ತೋರಿಸಲು ಶುರುಮಾಡಿದರು.

ಆಗ ಹೆಂಡತಿ ಒಳಗಿನಿಂದ ನೀರಿನ ಪೈಪು ಎಳೆದುಕೊಂಡು ಬಂದಳು. ಇಡೀ ಅಂಗಳಕ್ಕೆ ಸಮನಾಗಿ ಹನಿಸಿದಳು. ಒದ್ದೆಯಾದ ಹುಲ್ಲೆಲ್ಲ ಒಂದೇ ಬಣ್ಣಕ್ಕೆ ತಿರುಗಿತು. ಇಳಿಬಿಸಿಲಿಗೆ ಹನಿಗಳು ಹೊಳೆದು, ತೇಪೆ ಎಲ್ಲಿ, ಅಂಗಿ ಎಲ್ಲಿ ಎಂದು ಹಾಕಿದವರಿಗೇ ಗುರುತು ಹತ್ತಲಿಲ್ಲ. ಗಡಿಯಾರಪ್ಪ ಅವಳನ್ನು ಕೃತಜ್ಞತೆಯಿಂದ ನೋಡಿದ.

“ಈಗ್ಲೂ ಹೇಳ್ತೀನಿ, ನಿಜ ಹೇಳಿದ್ರೆ ಕೆಡೋದಿಲ್ಲ,” ಎಂದು ಅವಳು ಪೈಪು ಸುತ್ತಿದಳು.

ಐದಕ್ಕೆ ಹತ್ತು ನಿಮಿಷವಿರುವಾಗಲೇ ಕಾರು ಬಂತು. ಸಹಾಯಕರೆಲ್ಲ ಚದುರಿ ತಮ್ಮ ತಮ್ಮ ಗೇಟಿನಲ್ಲಿ ಏನೂ ತಿಳಿಯದವರಂತೆ ನಿಂತರು. ಮೇಷ್ಟ್ರು ಪತ್ರಿಕೆ ಓದುತ್ತಿದ್ದರು. ಅದರಲ್ಲಿ ಇಪ್ಪತ್ತಮೂರು ತೂತುಗಳಿದ್ದವು, ಒಂದರಿಂದ ಅವರ ಕಣ್ಣು ಕಾಣುತ್ತಿತ್ತು.

ಮೊದಲು ಊರುಗೋಲು ಇಳಿಯಿತು, ಹಿಂದೆಯೇ ಒಡತಿ. ಬೆನ್ನು ನೇರ, ಮಾತು ಕಮ್ಮಿ. ಕಂಕುಳಲ್ಲಿ ಒತ್ತಿಹಿಡಿದ ಚೀಲದಿಂದ ಕರಾರಿನ ಕಾಗದದ ಮೂಲೆ ಇಣುಕುತ್ತಿತ್ತು. ಆಕೆ ಹುಲ್ಲುಹಾಸಿನ ಸುತ್ತ ಒಂದು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು. ಮೂರನೆಯ ಸುತ್ತಿಗೆ ಗಡಿಯಾರಪ್ಪ ಉಸಿರಾಡುವುದನ್ನು ಬಿಟ್ಟಿದ್ದ.

“ಒಂದು ಬೋಳೂ ಇಲ್ಲ,” ಎಂದಳು ಒಡತಿ. ಧ್ವನಿಯಲ್ಲಿ ಮೆಚ್ಚುಗೆಗಿಂತ ಆಶ್ಚರ್ಯವಿತ್ತು. “ಏನ್ ಹಾಕಿದ್ರಿ? ಕಳೆಗೆ ಪುಡಿಗಿಡಿ ಏನಾದ್ರೂ?”

ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ಗಡಿಯಾರಪ್ಪ ಅತ್ತ ನೋಡಲಿಲ್ಲ.

“ಪುಡಿಯಾ? ಅಂಥದ್ದು ಮುಟ್ಟಿದೋನೇ ಅಲ್ಲಮ್ಮ. ಬೀಜ, ನೀರು, ತಾಳ್ಮೆ. ಅಷ್ಟೇ.”

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಒಡತಿ ತಲೆದೂಗುತ್ತ ಒಂದು ಹೆಜ್ಜೆ ಮುಂದಿಟ್ಟಳು. ಊರುಗೋಲಿನ ತುದಿ ಹದಿನಾಲ್ಕನೆಯ ತೇಪೆಯ ಸಂದಿಗೆ ಸಿಕ್ಕಿತು. ಆಕೆ ಕೋಲೆತ್ತಿದಾಗ ತೇಪೆಯೂ ಅದರೊಂದಿಗೆ ಎದ್ದಿತು, ಪೆಟ್ಟಿಗೆಯ ಮುಚ್ಚಳದಂತೆ, ಸದ್ದಿಲ್ಲದೆ.

ಮೇಷ್ಟ್ರ ಕಣ್ಣು ತೂತಿನಿಂದ ಮಾಯವಾಯಿತು. ಒಡತಿ ಬಗ್ಗಿ ತೇಪೆಯ ಕೆಳಗೆ ನೋಡಿದಳು, ಮೇಲೆ ನೋಡಿದಳು, ಅಂಚನ್ನು ಬೆರಳಿನಿಂದ ಎತ್ತಿ ಇಳಿಸಿದಳು. ಗಡಿಯಾರಪ್ಪನ ಕಣ್ಣ ಮುಂದೆ ಉತ್ತರದ ಕಿಟಕಿ, ಗೋಡೆಯ ಗಡಿಯಾರಗಳು, ಹೆಂಡತಿಯ ಪಾತ್ರೆಪಗಡ ಎಲ್ಲವೂ ಒಂದು ಗಾಡಿಯ ಮೇಲೇರಿ ಹೊರಟವು.

“ಇಷ್ಟು ಸಲೀಸಾಗಿ ಎದ್ದು ಬರುತ್ತಾ?” ಎಂದಳು ಒಡತಿ. ತಲೆಯೆತ್ತಿದಾಗ ಆಕೆಯ ಮುಖ ಅರಳಿತ್ತು.

ಗೋಡೆಯಾಚೆಯಿಂದ ನರ್ಸಮ್ಮ, ಬೇರಿಗೆ ಗಾಳಿಯಾಡಲೆಂದು ಗಡಿಯಾರಪ್ಪನವರು ಹುಲ್ಲನ್ನು ಯಾವಾಗಲೂ ಸಡಿಲವಾಗಿಯೇ ಇಡುವುದು ಎಂದಳು. ಒಡತಿಗೆ ಅದು ಕೇಳಿಸಿತೋ ಇಲ್ಲವೋ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆಕೆ ಆ ಮನೆಯ ಮೆಟ್ಟಿಲ ಮೇಲೆ ಕೂತಳು. ಕೂತು, ಗಡಿಯಾರಪ್ಪನನ್ನೂ ಪಕ್ಕಕ್ಕೆ ಕೂರಿಸಿಕೊಂಡು, ದನಿ ತಗ್ಗಿಸಿದಳು.

“ನಿಮ್ಮ ಹತ್ರ ಮುಚ್ಚುಮರೆ ಏನು? ನಾನು ಹಾಕ್ದೆ ಕಣಪ್ಪ, ಆ ಪುಡೀನ. ಮೂರೆಲೆಯ ಕಳೆ ಎದ್ದಿತ್ತು. ಕಳೆ ಹೋಯ್ತು, ಜೊತೆಗೆ ಅರ್ಧ ಅಂಗಳವೇ ಹೋಯ್ತು. ಬೀಜ ಹಾಕಿದ್ರೆ ಮೊಳೀತಿಲ್ಲ. ಒಂದು ವಾರದಿಂದ ನಿದ್ದೆ ಇಲ್ಲ. ನಿಮ್ದೂ ಹಾಳಾಗಿದ್ರೆ ಎಷ್ಟೋ ಸಮಾಧಾನ ಆಗ್ತಿತ್ತು. ಇಬ್ರೂ ಕೂತು ಆ ಅಂಗಡಿಯವನಿಗೆ ನಾಲ್ಕು ಬಯ್ದು, ಸಹಿ ಹಾಕಿ ಹೋಗೋಣ ಅಂತಲೇ ಇವತ್ತು ಬಂದೆ.”

ಗಡಿಯಾರಪ್ಪನ ಬಾಯಿ ತೆರೆಯಿತು. ಆದರೆ ಈಗತಾನೆ ಅದೇ ಬಾಯಿಂದ ಹೊರಟ ಮಾತು ಇನ್ನೂ ಅಂಗಳ ದಾಟಿರಲಿಲ್ಲ. ಅದನ್ನು ವಾಪಸು ಕರೆಯುವುದು ಹೇಗೆಂದು ಯೋಚಿಸುವಷ್ಟರಲ್ಲಿ ಒಡತಿ ಮುಂದುವರಿದಿದ್ದಳು. ಬರುವ ಭಾನುವಾರ ಅವಳ ಅಕ್ಕ ಬರುತ್ತಾಳಂತೆ. ಹನ್ನೊಂದು ವರ್ಷದ ಮೇಲೆ ಬರುತ್ತಿದ್ದಾಳಂತೆ. ಚಿಕ್ಕಂದಿನಿಂದಲೂ ತಂಗಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದವಳಂತೆ. ಊರನ್ನೇ ಅಂಜಿಸುತ್ತಿದ್ದ ಒಡತಿ ಇಷ್ಟು ಹೇಳುವಾಗ ಊರುಗೋಲನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು.

“ಅದಕ್ಕೇ ಈಗ ದೇವರೇ ದಾರಿ ತೋರಿಸ್ದ. ನಾಳೆ ಬೆಳಿಗ್ಗೆ ನನ್ನ ತೋಟದವನು ಗಾಡಿ ತರ್ತಾನೆ. ಇದಿಷ್ಟನ್ನೂ ಎಬ್ಬಿಸಿ, ಚಾಪೆ ಸುತ್ತಿದ ಹಂಗೆ ಸುತ್ಕೊಂಡು ಹೋಗಿ ನನ್ನ ಅಂಗಳಕ್ಕೆ ಹಾಸ್ತಾನೆ. ಹೆಂಗೂ ಸಡಿಲವಾಗೇ ಇದೆ.”

“ಮತ್ತೆ... ಇಲ್ಲಿಗಮ್ಮ?” ಎಂದ ಗಡಿಯಾರಪ್ಪ.

“ನಿಮ್ಮ ಕೈಗುಣಕ್ಕೆ ಮತ್ತೆ ಬೆಳೆಸೋದು ಯಾವ ಮಹಾ ಕೆಲ್ಸ? ಪುಡಿ ಸೋಕದ ನೆಲ. ಬೀಜ, ನೀರು, ತಾಳ್ಮೆ. ಮೂರು ವಾರ ಬಿಟ್ಟು ಬಂದು ನೋಡ್ತೀನಿ, ಅವತ್ತೇ ಸಹಿ.”

ಆಕೆ ಎದ್ದಳು. ಇಣುಕುತ್ತಿದ್ದ ಕಾಗದವನ್ನು ಚೀಲದ ಒಳಕ್ಕೆ ಒತ್ತಿ ಗುಂಡಿ ಹಾಕಿದಳು. ಕಾರು ಹತ್ತುವಾಗ ಒಂದು ಗಳಿಗೆ ನಿಂತು, ತನ್ನ ಅಂಗಳ ಇದಕ್ಕಿಂತ ದೊಡ್ಡದೆಂದೂ, ಒಂದೊಂದು ಎಸಳನ್ನೂ ಜೋಪಾನ ಮಾಡಬೇಕೆಂದೂ, ಬೆಳಗಿನವರೆಗೆ ನೀರು ಹಾಕಿಡಬೇಕೆಂದೂ ಹೇಳಿದಳು. ಕಾರು ತಿರುವು ದಾಟಿತು.

ಗಡಿಯಾರಪ್ಪ ನಿಂತಲ್ಲೇ ನಿಂತಿದ್ದ. ಎರಡು ಪೊಟ್ಟಣ ಪುಡಿ ಕುಡಿದ ನೆಲ ಕಾಲ ಕೆಳಗಿತ್ತು. ಎಂಟು ವಾರದಲ್ಲಿ ಇನ್ನೂ ಐದು ವಾರ ಚಿಲ್ಲರೆ ಅದರ ಹೊಟ್ಟೆಯಲ್ಲಿ ಉಳಿದಿತ್ತು. ಬೆಳಿಗ್ಗೆ ಅವನ ಪಾಲಿಗೆ ಇಪ್ಪತ್ತಮೂರು ಬೋಳುಗಳಿದ್ದವು. ನಾಳೆ ಒಂದೇ.

“ಏನಂದ್ರು ಅಮ್ಮಾವ್ರು?” ಎಂದು ಹೆಂಡತಿ ಕಿಟಕಿಯಿಂದ ಕೇಳಿದಳು.

“ತುಂಬಾ ಚೆನ್ನಾಗಿದೆ ಅಂದ್ರು,” ಎಂದ.

ಮೂವರು ಸಹಾಯಕರೂ ಸಹಿಯಾಯಿತೇ ಎಂದು ಕೇಳಲು ನಗುನಗುತ್ತ ಗೇಟು ದಾಟಿ ಬಂದರು. ಗಡಿಯಾರಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಸಂಜೆ ಅವನು ಹಾಗೆ ಹೇಳಿದ್ದು ಅದೊಂದೇ ಸಲ. ಟೈಲರ್ ಟೇಪನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ.

ಗಡಿಯಾರಪ್ಪನ ನೋಟ ಮೆಲ್ಲಗೆ ಎಡಕ್ಕೆ ಹೊರಳಿತು. ಮೇಷ್ಟ್ರ ಮನೆಯ ಮುಂದೆ ಇಳಿಬಿಸಿಲಲ್ಲಿ ಹುಲ್ಲು ಮಟ್ಟಸವಾಗಿ, ದಟ್ಟವಾಗಿ, ಯಾರ ಗೊಡವೆಯೂ ಇಲ್ಲದೆ ಹಬ್ಬಿತ್ತು. ಅವನ ಕಣ್ಣಿನಲ್ಲಿ ದುರಾಸೆಯಿರಲಿಲ್ಲ, ಬರೀ ಕುತೂಹಲ.

“ಮೇಷ್ಟ್ರೆ, ನಿಮ್ಮ ಮುಂದಿನದು ಉದ್ದ ಎಷ್ಟಿದೆ?” ಎಂದು ಕೇಳಿದ.

ಮೇಷ್ಟ್ರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಟೈಲರನಿಗೆ ಗಿರಾಕಿ ನೆನಪಾದ. ನರ್ಸಮ್ಮನಿಗೆ ಬೆಳಿಗ್ಗೆಯೇ ಮುಗಿಸಿ ಬಂದ ಡ್ಯೂಟಿ ಮತ್ತೆ ನೆನಪಾಯಿತು. ಮೂವರೂ ಬಂದದ್ದಕ್ಕಿಂತ ಬೇಗ ಹೊರಟುಹೋದರು. ಗಡಿಯಾರಪ್ಪ ಕಿವಿಗೊಟ್ಟು ನಿಂತ. ಒಂಬತ್ತು ವರ್ಷದಲ್ಲಿ ಆ ಬೀದಿಯಲ್ಲಿ ಹಗಲು ಹೊತ್ತು ಯಾರೂ ಗೇಟು ಭದ್ರ ಮಾಡಿದ್ದನ್ನು ಅವನು ಕೇಳಿರಲಿಲ್ಲ. ಈಗ ಕೇಳಿಸಿತು. ಎಡಗಡೆ ಮೇಷ್ಟ್ರ ಚಿಲಕ, ಅದಕ್ಕೆ ಎಣ್ಣೆ ಬೇಕಿತ್ತು. ಎದುರಿಗೆ ಟೈಲ‌ರನದು, ಕಾಯಲು ಅವನ ಬಳಿ ಹುಲ್ಲೇ ಇರಲಿಲ್ಲವಾದರೂ. ಕೊನೆಗೆ ಬಲಗಡೆ ನರ್ಸಮ್ಮನದು. ಅಲ್ಲಿ ಚಿಲಕ ಬಿದ್ದ ಮೇಲೆ ಬೀಗವೂ ಬಿತ್ತು.